ಮಂಗನ ಮೇಲೆ ಹೊರಿಸಿದ ಅಪವಾದ

ಶಿರಾಳಕೊಪ್ಪದ ಸುತ್ತಣ ಹಳ್ಳಿಗಳಲ್ಲಿ ಇಬ್ಬರು ತೋಟಿಗರು ಸಂಧಿಸಿದರೆಂದರೆ ಮಳೆಬೆಳೆಯ ಮಾತು ಮುಗಿಯುವುದಕ್ಕೆ ಮೊದಲೇ ಮಂಗನ ಮಾತು ಬಂದೇ ಬರುವುದು. ಬಾಳೆಯ ಗೊನೆ ಬಲಿಯುವ ತನಕ ಉಳಿಯುವುದಿಲ್ಲ. ಅಡಕೆಯ ಸಿಂಗಾರವನ್ನು ಹರಿದು ಚೆಲ್ಲುವುವು. ಎಳೆಗಾಯನ್ನು ಕಚ್ಚಿ, ರಸ ಹೀರಿ, ಎಸೆಯುವುವು. ಗೋವಿನಜೋಳದ ಹೊಲಕ್ಕೆ ಹೊಕ್ಕರೆ ಒಂದು ತೆನೆಯನ್ನು ತಿಂದು ಹತ್ತನ್ನು ಮುರಿಯುವುವು. ಹಂಚಿನ ಮಾಡನ್ನೇರಿ, ಹಂಚು ಸರಿಸಿ, ಅಡಿಗೆಮನೆಗಿಳಿದು ಅನ್ನದ ಪಾತ್ರೆಗೆ ಕೈಯಿಕ್ಕುವುವು. ಈ ದೂರುಗಳಲ್ಲಿ ಒಂದೂ ಸುಳ್ಳಲ್ಲ. ವರ್ಷವೆಲ್ಲ ದುಡಿದ ಫಲವು ಒಂದು ಮುಂಜಾನೆ ತೋಟದ ನೆಲದ ಮೇಲೆ ಚೆಲ್ಲಿ ಬಿದ್ದಿರುವುದನ್ನು ಕಂಡವನಿಗೆ ಪ್ರಾಣಿದಯೆಯ ಉಪದೇಶ ಮಾಡುವುದು ಸುಲಭವೂ ಅಲ್ಲ, ಸಾಧುವೂ ಅಲ್ಲ. ಆದಕಾರಣ ದಯೆಯ ಪ್ರಶ್ನೆಯನ್ನು ಸದ್ಯಕ್ಕೆ ಬದಿಗಿರಿಸೋಣ. ಇಲ್ಲಿ ವಿಚಾರಕ್ಕೆ ಬರತಕ್ಕುದು ನ್ಯಾಯದ ಪ್ರಶ್ನೆ. ಅದಕ್ಕೂ ಮಿಗಿಲಾಗಿ ಮನುಷ್ಯರ ಪ್ರಾಣದ ಪ್ರಶ್ನೆ.

ಈ ಪೀಡೆಗೆ ಈಗ ಎಲ್ಲೆಲ್ಲಿಯೂ ಸೂಚಿತವಾಗುತ್ತಿರುವ ಪರಿಹಾರ ಒಂದೇ: ಹಿಡಿಯುವುದು, ಒಯ್ದು ಬಿಡುವುದು. ಮಲೆನಾಡಿನ ಪೇಟೆಗಳಲ್ಲಿ ಮಂಗ ಹಿಡಿಯುವವರನ್ನು ಕರೆಸಿ, ಬೋನುಗಳನ್ನಿರಿಸಿ, ಸಿಕ್ಕ ಕಪಿಗಳನ್ನು ವಾಹನದಲ್ಲಿ ತುಂಬಿ ‘ಕಾಡಿಗೆ’ ಬಿಡಿಸುವುದು ವಾಡಿಕೆಯಾಗಿಹೋಗಿದೆ. ಪೇಟೆಯ ಬೀದಿಗಳು ನಾಲ್ಕು ದಿನ ನಿಶ್ಶಬ್ದವಾಗುವುವು. ಕೆಲಸ ಮಾಡಿಸಿದವರಿಗೆ ಜನರ ಮೆಚ್ಚುಗೆ ದೊರೆಯುವುದು. ಹಿಡಿದವರ ಬಿಲ್ಲು ಪಾವತಿಯಾಗುವುದು. ಆದರೆ ಆ ಕಾಡು ಯಾವುದು? ಕಾಡೆಂದರೆ ಯಾರೂ ವಾಸಿಸದ ಸ್ಥಳವೆಂದು ಪೇಟೆಯವರು ನಂಬಿರುವಂತೆ ತೋರುತ್ತದೆ. ಸೊರಬ ಶಿಕಾರಿಪುರಗಳ ಸೀಮೆಯನ್ನು ಒಮ್ಮೆ ಕಾಲ್ನಡಿಗೆಯಲ್ಲಿ ಸುತ್ತಿದವರು ಹಾಗೆ ನಂಬಲಾರರು. ಇಲ್ಲಿ ಒಂದು ಕಾಡಿನ ಅಂಚು ಮುಗಿದಲ್ಲಿ ಒಂದು ಕೆರೆ, ಕೆರೆಯ ಕೆಳಗೆ ನಾಲ್ಕು ಗದ್ದೆ, ಗದ್ದೆಯ ತಲೆಯಲ್ಲಿ ಹತ್ತು ಮನೆ, ಅದರಾಚೆಗೆ ಮತ್ತೊಂದು ಕಾಡು. ಪೇಟೆಯಲ್ಲಿ ಮನುಷ್ಯನ ಕೈಯಿಂದ ಬಾಳೆಯ ಹಣ್ಣನ್ನೂ ಮನುಷ್ಯನ ಪಾತ್ರೆಯಿಂದ ಅನ್ನವನ್ನೂ ಉಂಡು ಬೆಳೆದ ಕೋಡಗವು ಬೋನಿನಿಂದ ಹೊರಬಿದ್ದೊಡನೆ ಅತ್ತಿಯ ಮರವನ್ನು ಹುಡುಕಿಕೊಂಡು ಹೋಗುವುದೆಂದು ತಿಳಿಯುವುದು ಹುಚ್ಚು. ಅದು ಮೊದಲು ಕಾಣುವ ಹಂಚಿನ ಮಾಡಿಗೆ ಹೋಗುವುದು. ಅಂದರೆ ಪೇಟೆಯವರು ತಮ್ಮ ಉಪದ್ರವವನ್ನು ನೀಗಿಕೊಳ್ಳಲಿಲ್ಲ. ತಮಗಿಂತ ಬಡವರಾದ, ತಮಗಿಂತ ದನಿ ಕಡಿಮೆಯಾದ ಜನರ ಅಂಗಳಕ್ಕೆ ಅದನ್ನು ಸಾಗಿಸಿದರು, ಅದೂ ಆ ಊರಿನವರನ್ನು ಒಂದು ಮಾತು ಕೇಳದೆ. ಮನೆಯ ಕಸವನ್ನು ಪಕ್ಕದ ಮನೆಯ ಹಿತ್ತಲಿಗೆ ಸುರಿದರೆ ಅದನ್ನು ಸ್ವಚ್ಛತೆಯೆಂದು ಯಾರೂ ಕರೆಯುವುದಿಲ್ಲವಷ್ಟೆ.

ಇಷ್ಟೇ ಆಗಿದ್ದರೆ ಇದು ಬಾಳೆಗೊನೆಯ ಜಗಳವೆಂದು ಬಿಟ್ಟುಬಿಡಬಹುದಾಗಿತ್ತು. ಆದರೆ ಈ ಸೀಮೆಯಲ್ಲಿ ಮಂಗನ ಸಂಗತಿಯು ಬೇರೆ ಯಾವ ಸೀಮೆಯಲ್ಲಿಯೂ ಇಲ್ಲದಷ್ಟು ಗುರುತರವಾದುದಾಗಿದೆ.

ಸೊರಬ ತಾಲ್ಲೂಕಿನಲ್ಲಿ ಕ್ಯಾಸನೂರು ಎಂಬುದೊಂದು ಊರು. ಅದಕ್ಕೆ ಹೊಂದಿದ ಕಾಡು. ಹೊರಗಿನ ಲೋಕಕ್ಕೆ ಸೊರಬದ ಗಂಧದ ಕೆತ್ತನೆಯಾಗಲಿ, ಶಿಕಾರಿಪುರ ತಾಲ್ಲೂಕಿನ ತಾಳಗುಂದ ಬಳ್ಳಿಗಾವೆಗಳ ಶಾಸನಗಳಾಗಲಿ ತಿಳಿದಿರದಿದ್ದರೂ ಇರಬಹುದು; ಕ್ಯಾಸನೂರಿನ ಹೆಸರು ಮಾತ್ರ ಜಗತ್ತಿನ ವೈದ್ಯಗ್ರಂಥಗಳಲ್ಲೆಲ್ಲ ಅಚ್ಚಾಗಿದೆ. 1956ರಲ್ಲಿಯೇ ಆ ಸುತ್ತಿನ ಹಳ್ಳಿಗಳಲ್ಲಿ ಒಂದು ವಿಷಮಜ್ವರವು ಕಾಣಿಸಿಕೊಂಡಿತ್ತು. ಅದನ್ನು ಟೈಫಾಯಿಡ್ ಜಾತಿಯ ಜ್ವರವೆಂದು ಎಣಿಸಲಾಯಿತು. 1957ರ ಬೇಸಗೆಯ ಮೊದಲಿನಲ್ಲಿ ಕಾಡಿನಲ್ಲಿ ಕರಿಮೋರೆಯ ಮುಸುವಗಳೂ ಕೋಡಗಗಳೂ ಒಂದರ ಮೇಲೊಂದು ಸತ್ತು ಬೀಳತೊಡಗಿದುವು; ಊರಿನಲ್ಲಿ ಮತ್ತೆ ಅದೇ ಜ್ವರ ತಲೆಯೆತ್ತಿತು. ಪುಣೆಯಲ್ಲಿ 1952ರಲ್ಲಿ ಸ್ಥಾಪಿತವಾಗಿದ್ದ ವೈರಸ್ ಸಂಶೋಧನಾ ಕೇಂದ್ರಕ್ಕೆ ಸುದ್ದಿ ಮುಟ್ಟಿತು. ದಕ್ಷಿಣ ಅಮೆರಿಕದ ಕಾಡುಗಳಲ್ಲಿ ಪೀತಜ್ವರದಿಂದ ಕಪಿಗಳು ಹೀಗೆಯೇ ಸಾಯುವುದುಂಟಾದುದರಿಂದ, ಆ ಮಹಾಮಾರಿಯೇ ಹಿಂದೂಸ್ಥಾನಕ್ಕೆ ಬಂದಿತೇ ಎಂಬ ಭೀತಿಯಿಂದ ಟೆಲ್‌ಫರ್ಡ್ ವರ್ಕ್ ಮುಂತಾದ ವಿಜ್ಞಾನಿಗಳು ಸೊರಬಕ್ಕೆ ಧಾವಿಸಿದರು. ಪರೀಕ್ಷಿಸಿ ನೋಡಲಾಗಿ ಅದು ಪೀತಜ್ವರವಲ್ಲ, ಅದುವರೆಗೆ ಯಾರೂ ಅರಿಯದಿದ್ದ ಹೊಸ ವೈರಸ್ಸು. ರಷ್ಯಾದೇಶದಲ್ಲಿ ಉಣುಗಿನಿಂದ ಹರಡುವ ಮಿದುಳುಜ್ವರದ ವೈರಸ್ಸಿಗೆ ಅದು ದಾಯಾದಿ. ಶಾಸ್ತ್ರಜ್ಞರು ಅದಕ್ಕೆ ‘ಕ್ಯಾಸನೂರು ಕಾಡಿನ ಕಾಯಿಲೆ’ ಎಂದು ಹೆಸರಿಟ್ಟರು. ಜನರು ಮಾತ್ರ ತಾವು ಕಂಡುದನ್ನೇ ಹೆಸರಾಗಿಸಿ ‘ಮಂಗನ ಕಾಯಿಲೆ’ ಎಂದರು.

ಜನರ ಕಣ್ಣನ್ನು ಇಲ್ಲಿ ಮೆಚ್ಚಲೇಬೇಕು. ಪ್ರಯೋಗಶಾಲೆಯ ಸಹಾಯವಿಲ್ಲದೆ ಮಂಗನ ಸಾವಿಗೂ ಮನುಷ್ಯನ ಜ್ವರಕ್ಕೂ ಇರುವ ನಂಟನ್ನು ಅವರು ಹಿಡಿದರು. ಆದರೆ ಹೆಸರು ಒಮ್ಮೆ ನಿಂತಿತೆಂದರೆ ಅದು ತನ್ನ ಕೆಲಸವನ್ನು ತಾನೇ ಮಾಡುತ್ತ ಹೋಗುತ್ತದೆ. ಇಂದು ‘ಮಂಗನ ಕಾಯಿಲೆ’ಯೆಂಬ ಮಾತನ್ನು ಕೇಳಿದವರಲ್ಲಿ ಬಹುಮಂದಿಗೆ, ಓದುಬರಹ ಬಲ್ಲ ಮನೆಗಳಲ್ಲಿಯೂ, ತೋಚುವುದು ಇಷ್ಟೇ: ಮಂಗ ಕಚ್ಚುವುದರಿಂದ, ಅಥವಾ ಮಂಗ ಮುಟ್ಟಿದ ಹಣ್ಣನ್ನು ತಿನ್ನುವುದರಿಂದ, ಅಥವಾ ಮಂಗ ಮಾಡಿನ ಮೇಲೆ ಹಾಯುವುದರಿಂದ ಬರುವ ಕಾಯಿಲೆ. ತೋಟ ಹಾಳುಮಾಡುವ ಪ್ರಾಣಿಯೇ ಪ್ರಾಣ ತೆಗೆಯುವ ಪ್ರಾಣಿಯೂ ಆಯಿತೆಂದರೆ ಅದರ ಪರವಾಗಿ ಮಾತನಾಡುವವರು ಯಾರು?

ನಡೆಯುವುದು ಬೇರೆ. ಈ ವೈರಸ್ಸಿನ ನಿಜವಾದ ಮನೆಯೆಂದರೆ ಉಣುಗು, ಅಂದರೆ ದನಗಳ ಮೈಗೆ ಹತ್ತುವ ಉಣ್ಣೆಯ ಜಾತಿಯ ಕಾಡುಕ್ರಿಮಿ. ಕಾಡಿನ ಇಲಿ, ಮೂಗಿಲಿ, ಅಳಿಲು ಮುಂತಾದ ಸಣ್ಣ ಪ್ರಾಣಿಗಳ ಮೈಮೇಲೆ ಉಣುಗಿನ ಮರಿಗಳು ಬೆಳೆಯುವುವು; ವೈರಸ್ಸು ಅವುಗಳಲ್ಲಿ ಸದ್ದಿಲ್ಲದೆ ಸುತ್ತುತ್ತಿರುವುದು. ಬೆಳೆದ ಉಣುಗಿಗೆ ದೊಡ್ಡ ಪ್ರಾಣಿಯ ರಕ್ತ ಬೇಕು. ಅದನ್ನು ಒದಗಿಸುವವರಲ್ಲಿ ಮುಖ್ಯವಾದವು ಕಾಡಿಗೆ ಮೇಯಲು ಹೋಗುವ ಊರ ದನಗಳು. ಅವುಗಳಿಗೆ ಈ ರೋಗ ಬಾಧಿಸುವುದಿಲ್ಲವಾದರೂ ಉಣುಗಿನ ಸಂತಾನವನ್ನು ಅವು ಧಾರಾಳವಾಗಿ ಹೆಚ್ಚಿಸುವುವು. ಮಳೆಗಾಲ ಕಳೆದ ಮೇಲೆ ಹೊರಬೀಳುವ ಮರಿಗಳು ಪುಷ್ಯ ಮಾಘಗಳ ಹೊತ್ತಿಗೆ ಎಳ್ಳಿನ ಕಾಳಿನಷ್ಟೂ ಇಲ್ಲದ ಗಾತ್ರದಲ್ಲಿ ತರಗೆಲೆಯ ಮೇಲೆ ಕಾದು ಕುಳಿತಿರುವುವು. ಆ ದಾರಿಯಲ್ಲಿ ಬಂದ ಮಂಗಕ್ಕೂ ಹತ್ತುವುವು, ಮನುಷ್ಯನಿಗೂ ಹತ್ತುವುವು. ಮಂಗಕ್ಕೆ ಹತ್ತಿದರೆ ಅದು ಜ್ವರ ಬಂದು ನರಳಿ ಸಾಯುವುದು; ಸತ್ತ ದೇಹ ತಣ್ಣಗಾದೊಡನೆ ಅದರ ರಕ್ತ ಹೀರಿದ ಉಣುಗುಗಳೆಲ್ಲ ವಿಷವನ್ನು ತುಂಬಿಕೊಂಡು ಆ ಸ್ಥಳದಲ್ಲಿಯೇ ಉದುರುವುವು. ಅದೇ ಮರದಡಿಗೆ ಮರುದಿನ ಸೌದೆಗೆಂದೋ ಸೊಪ್ಪಿಗೆಂದೋ ಬಂದ ಹೆಂಗಸಿನ ಕಾಲಿಗೆ ಅವು ಹತ್ತುವುವು. ಮನುಷ್ಯನಿಂದ ಮನುಷ್ಯನಿಗೆ ಈ ರೋಗ ಅಂಟುವುದಿಲ್ಲ. ಮಂಗವು ಈ ನಾಟಕದಲ್ಲಿ ಕೊಲೆಗಾರನಲ್ಲ, ಮೊದಲ ಹೆಣ. ತನ್ನ ಸಾವಿನಿಂದ ಅದು ಆಪತ್ತನ್ನು ಒಂದು ಸ್ಥಳದಲ್ಲಿ ರಾಶಿ ಹಾಕುವುದೂ ನಿಜ. ‘ಈ ಮರದ ಕೆಳಗೆ ಬರಬೇಡಿರಿ’ ಎಂದು ಸಾರಿ ಹೇಳುವ ಡಂಗುರವೂ ಆ ಸಾವೇ.

ಈಗ ಹಿಡಿದು ಬಿಡುವ ಪರಿಹಾರವನ್ನು ಇದರ ಬೆಳಕಿನಲ್ಲಿ ನೋಡಬೇಕು. ಪೇಟೆಯಲ್ಲಿ ಹುಟ್ಟಿ ಬೆಳೆದು ಈ ರೋಗದ ಸೋಂಕನ್ನೇ ಕಾಣದ ಮಂಗಗಳ ಹಿಂಡನ್ನು ಉಣುಗಿರುವ ಕಾಡಿನ ಅಂಚಿಗೆ ಒಯ್ದು ಸುರಿಯುವುದೆಂದರೆ, ಆರಿದ ಒಲೆಯ ಕೆಂಡದ ಮೇಲೆ ಒಣಸೌದೆಯನ್ನು ಪೇರಿಸಿದಂತೆ. ಅವು ಅಲ್ಲಿ ಸಾಯುವುವು. ಸತ್ತಲ್ಲಿ ಉಣುಗನ್ನು ಉದುರಿಸುವುವು. ಬದುಕಿದುವು ಊರಿನ ಹಿತ್ತಲಿಗೂ ಕೊಟ್ಟಿಗೆಗೂ ಆ ಉಣುಗನ್ನು ಹೊತ್ತು ತರುವುವು. ಪೇಟೆಯವರು ತಮ್ಮ ಹಂಚಿನ ಖರ್ಚನ್ನು ಉಳಿಸಿಕೊಂಡರು; ಅದಕ್ಕೆ ಬೆಲೆ ತೆರಬೇಕಾದವರು ಯಾರೋ.

ಆ ‘ಯಾರೋ’ ಯಾರೆಂಬುದನ್ನು ಸ್ಪಷ್ಟವಾಗಿಯೇ ಹೇಳಬೇಕು. ಈ ಕಾಯಿಲೆ ಹತ್ತುವುದು ಸೌದೆ ಹೊರುವವರಿಗೆ, ತೋಟಕ್ಕೆ ಹಾಕಲು ಬೆಟ್ಟದಿಂದ ಸೊಪ್ಪು ತರಗೆಲೆ ತರುವ ಕೂಲಿಯಾಳುಗಳಿಗೆ, ದನ ಕಾಯುವವರಿಗೆ, ಕಾಡಿನೊಳಗೆ ಕಾವಲಿರುವ ನೌಕರರಿಗೆ. ಒಮ್ಮೆಲೇ ಏರುವ ಜ್ವರ, ತಲೆ ಸಿಡಿಯುವ ನೋವು, ಮೈಕೈ ಎತ್ತಲಾರದ ಸೆಳೆತ, ಕೆಲವರಿಗೆ ಮೂಗು ವಸಡುಗಳಲ್ಲಿ ರಕ್ತ. ಒಮ್ಮೆ ಇಳಿದ ಜ್ವರ ಕೆಲವರಿಗೆ ಮತ್ತೆ ಬರುವುದೂ ಉಂಟು. ರೋಗ ತಗಲಿದ 100 ಮಂದಿಯಲ್ಲಿ 3ರಿಂದ 5 ಮಂದಿ ಸಾಯುವರೆಂದು ವೈದ್ಯರ ಲೆಕ್ಕ. ಉಳಿದವರೂ ವಾರಗಟ್ಟಲೆ ಎದ್ದು ನಿಲ್ಲಲಾರರು. ಕೂಲಿಯ ಮನೆಯಲ್ಲಿ ಅದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಇದಕ್ಕೆಂದೇ ಇರುವ ಔಷಧವಿಲ್ಲ. ಬಹುಕಾಲ ಕೊಡುತ್ತಿದ್ದ ಲಸಿಕೆಯು ಸಾಕಷ್ಟು ಶಕ್ತಿಯುಳ್ಳದ್ದಲ್ಲವೆಂದು ಕಂಡುಬಂದು 2022ರಲ್ಲಿ ನಿಂತುಹೋಯಿತು. 2018–19ರ ಋತುವಿನಲ್ಲಿ ಸಾಗರ ತಾಲ್ಲೂಕಿನ ಅರಳಗೋಡಿನ ಸುತ್ತ ಹೆಣಗಳುರುಳಿದಾಗ ನಾಡೆಲ್ಲ ಒಮ್ಮೆ ತಿರುಗಿ ನೋಡಿತು, ಆಮೇಲೆ ಮರೆಯಿತು. ಒಂದು ಕಾಲಕ್ಕೆ ಸೊರಬ, ಸಾಗರ, ಶಿಕಾರಿಪುರಗಳ ಸುತ್ತಿಗೆ ಮಿತವಾಗಿದ್ದ ಈ ಜ್ವರ 1972ರ ಹೊತ್ತಿಗೆ ಉತ್ತರ ಕನ್ನಡಕ್ಕೂ, 2012ರಲ್ಲಿ ಬಂಡೀಪುರದ ಕಾಡಿಗೂ, ಅನಂತರ ವಯನಾಡು, ಗೋವೆ, ಸಿಂಧುದುರ್ಗಗಳಿಗೂ ಹಬ್ಬಿದೆ.

‘ಹಾಗಾದರೆ ಮಂಗಗಳನ್ನೇ ಇಲ್ಲವಾಗಿಸಿದರೆ ಆಯಿತಲ್ಲ, ಉಣುಗು ಉದುರಿಸಲು ಹೆಣವೇ ಇರುವುದಿಲ್ಲ’ ಎಂದು ವಾದಿಸುವವರುಂಟು. ಬೇಟೆಯ ಹೆಸರನ್ನೇ ಹೊತ್ತ ತಾಲ್ಲೂಕಿನಲ್ಲಿ ಈ ವಾದ ಹುಟ್ಟಿದರೆ ಆಶ್ಚರ್ಯವಿಲ್ಲ. ಆದರೆ ವೈರಸ್ಸಿನ ಮನೆ ಉಣುಗಿನಲ್ಲಿಯೂ ಕಾಡಿಲಿಯಲ್ಲಿಯೂ ಇರುವ ತನಕ ಮಂಗವಿಲ್ಲದ ಕಾಡಿನಲ್ಲಿಯೂ ಅದು ಇದ್ದೇ ಇರುವುದು. ಆಗ ಆಪತ್ತಿನ ಮೊದಲ ಸೂಚನೆಯು ಸತ್ತ ಮಂಗನ ರೂಪದಲ್ಲಿ ಬಾರದೆ ಸತ್ತ ಮನುಷ್ಯನ ರೂಪದಲ್ಲಿ ಬರುವುದು. ತಳವಾರನನ್ನು ಕೆಲಸದಿಂದ ತೆಗೆದ ಮಾತ್ರಕ್ಕೆ ಊರಿನಲ್ಲಿ ಕಳವು ನಿಂತಿತೆಂದು ತಿಳಿಯುವ ಗೌಡನ ಬುದ್ಧಿ ಇದು.

ಇದಕ್ಕೆ ವಿರುದ್ಧವಾದ ಇನ್ನೊಂದು ತುದಿಯೂ ಉಂಟು. ಅದು ಭಕ್ತಿಯ ತುದಿ. ಶಿಕಾರಿಪುರದ ಹುಚ್ಚರಾಯಸ್ವಾಮಿಯ ಸನ್ನಿಧಿಯು ಈ ಸೀಮೆಯ ಜನಕ್ಕೆಲ್ಲ ಪೂಜ್ಯವಾದುದು. ಅಲ್ಲಿಯ ಭ್ರಾಂತೇಶ, ಸಾತೇನಹಳ್ಳಿಯ ಶಾಂತೇಶ, ಕದರಮಂಡಲಗಿಯ ಕಾಂತೇಶ, ಈ ಮೂವರು ಆಂಜನೇಯರನ್ನು ಒಂದೇ ದಿನದಲ್ಲಿ ದರ್ಶನ ಮಾಡಿದರೆ ಪುಣ್ಯವೆಂದು ನಂಬಿ ನಡೆಯುವವರು ಅನೇಕರು. ಆ ನಂಬಿಕೆಯ ಮೇಲೆ ಇಲ್ಲಿ ಆಕ್ಷೇಪಣೆಯೇನೂ ಇಲ್ಲ. ಆದರೆ ದೇವಸ್ಥಾನಕ್ಕೆ ಹೋಗುವ ದಾರಿಯಲ್ಲಿ ಗಾಡಿ ನಿಲ್ಲಿಸಿ ಮಂಗಗಳಿಗೆ ಬಾಳೆಯ ಹಣ್ಣನ್ನೂ ಬಿಸ್ಕತ್ತನ್ನೂ ಎಸೆಯುವ ಮಹನೀಯರು ತಾವು ಹನುಮಂತನಿಗೆ ಸೇವೆ ಸಲ್ಲಿಸುತ್ತಿರುವೆವೆಂದು ತಿಳಿದಿದ್ದರೆ ಅದು ಭ್ರಾಂತಿ. ಅವರು ಮಂಗಕ್ಕೆ ಮನುಷ್ಯನ ಭಯವನ್ನು ಮರೆಸಿ, ಮನುಷ್ಯನ ಗಂಟನ್ನು ಗುರುತಿಸುವ ವಿದ್ಯೆಯನ್ನು ಕಲಿಸುತ್ತಿದ್ದಾರೆ. ಆ ವಿದ್ಯೆಯನ್ನು ಮಂಗವು ಪರೀಕ್ಷೆಗೊಡ್ಡುವುದು ಮುಂದಿನ ಹಳ್ಳಿಯ ಅಡಿಗೆಮನೆಯಲ್ಲಿ. ಪುಣ್ಯವು ಕಾರಿನಲ್ಲಿ ಹೊರಟುಹೋಗುವುದು, ಪಾಪ ತೋಟದವನ ಪಾಲಿಗೆ ಉಳಿಯುವುದು.

ಇದಕ್ಕಿಂತಲೂ ಆಪತ್ಕರವಾದುದು ಸತ್ತ ಮಂಗನಿಗೆ ಸಲ್ಲಿಸುವ ಸಂಸ್ಕಾರ. ನಾಡಿನ ಅನೇಕ ಊರುಗಳಲ್ಲಿ ಮಂಗ ಸತ್ತರೆ ಅದನ್ನು ಹೂವಿನಿಂದ ಅಲಂಕರಿಸಿ, ಭಜನೆ ಮಾಡುತ್ತ ಮೆರವಣಿಗೆಯಲ್ಲಿ ಒಯ್ದು ಮಣ್ಣು ಮಾಡುವ ಪದ್ಧತಿಯಿದೆ. ಬಯಲುಸೀಮೆಯಲ್ಲಿ, ವಿದ್ಯುತ್ತಿನ ತಂತಿ ತಗಲಿ ಸತ್ತ ಮಂಗಕ್ಕೆ ಹಾಗೆ ಮಾಡಿದರೆ ಮಾಡಲಿ. ಕ್ಯಾಸನೂರಿನ ಸೀಮೆಯಲ್ಲಿ ಕಾರಣ ತಿಳಿಯದೆ ಸತ್ತ ಮಂಗನನ್ನು ಹೆಗಲ ಮೇಲೆ ಹೊರುವುದೆಂದರೆ ಉಣುಗಿನ ಮೂಟೆಯನ್ನು ಹೊತ್ತಂತೆ. ಅದರ ಪಕ್ಕದಲ್ಲಿ ಕುಳಿತು ಭಜನೆ ಮಾಡುವ ಮಕ್ಕಳ ಗತಿಯೇನು? ಇಂಥ ಹೆಣವನ್ನು ಯಾರೂ ಮುಟ್ಟದೆ, ಹತ್ತಿರ ಸುಳಿಯದೆ, ಆ ಘಳಿಗೆಯಲ್ಲಿಯೇ ಆರೋಗ್ಯಾಧಿಕಾರಿಗಳಿಗಾಗಲಿ ಅರಣ್ಯದವರಿಗಾಗಲಿ ತಿಳಿಸತಕ್ಕದ್ದು. ಅವರು ಬಂದು ಪರೀಕ್ಷೆಗೆ ಬೇಕಾದುದನ್ನು ತೆಗೆದುಕೊಂಡು, ಹೆಣವನ್ನು ಸುಟ್ಟು, ಸುತ್ತಣ ನೆಲಕ್ಕೆ ಮೆಲಾಥಿಯಾನ್ ಪುಡಿ ಎರಚುವರು. ಅಗ್ನಿಸಂಸ್ಕಾರವೂ ಸಂಸ್ಕಾರವೇ ಎಂದು ಭಕ್ತರು ಸಮಾಧಾನ ಪಡೆಯಬಹುದು. ತೋಟದ ಮೂಲೆಯಲ್ಲಿ ಸತ್ತ ಮಂಗನನ್ನು ಕಂಡು, ಅಧಿಕಾರಿಗಳು ಬಂದರೆ ತೋಟಕ್ಕೆ ಹೆಸರು ಕೆಡುವುದು, ಆಳುಗಳು ಬರಲು ಹೆದರುವರು ಎಂದು ಗುಟ್ಟಾಗಿ ಹಳ್ಳಕ್ಕೆ ಎಸೆಯುವವರೂ ಇದ್ದರೆ, ಅವರ ಕೆಲಸವನ್ನು ಯಾವ ಮೃದುವಾದ ಮಾತಿನಿಂದಲೂ ಕರೆಯುವಂತಿಲ್ಲ. ಆಳುಗಳಿಗೆ ತಿಳಿಯಬೇಕಾದುದು ಅದೇ.

ಇನ್ನು ಸರ್ಕಾರದ ಯೋಜನೆಗಳ ಮಾತು. 2019ರಲ್ಲಿ ಮಲೆನಾಡಿನಲ್ಲಿ ಒಂದು ‘ಮಂಗಗಳ ಉದ್ಯಾನ’ವನ್ನು ಮಾಡಿ, ಹಿಡಿದ ಮಂಗಗಳನ್ನೆಲ್ಲ ಅಲ್ಲಿ ಕೂಡಿಹಾಕುವ ಸಂಕಲ್ಪವು ಹೊರಟಿತು. ಹೊಸನಗರ ತಾಲ್ಲೂಕಿನಲ್ಲಿ ಸ್ಥಳವನ್ನೂ ಗೊತ್ತುಮಾಡಹೊರಟರು. ಅಲ್ಲಿನ ಜನ ವಿರೋಧಿಸಿದರು. ವಿರೋಧಿಸದೆ ಇರುವರೇ? ಬೇಲಿ ಮಂಗನನ್ನು ತಡೆಯುವುದೆಂದು ನಂಬಲು ಬೇಲಿಯನ್ನೂ ಮಂಗನನ್ನೂ ಎಂದೂ ನೋಡದವರಾಗಿರಬೇಕು. ಹಿಮಾಚಲ ಪ್ರದೇಶದವರು 2007ರಿಂದ ಮಂಗಗಳಿಗೆ ಸಂತಾನಹರಣದ ಶಸ್ತ್ರಚಿಕಿತ್ಸೆ ಮಾಡುತ್ತ ಬಂದಿದ್ದಾರೆ. ಲಕ್ಷಕ್ಕೂ ಮೀರಿದ ಮಂಗಗಳಿಗೆ ಅದಾಗಿದೆ. ಹಾಗಿದ್ದೂ 2016ರಲ್ಲಿ ಶಿಮ್ಲಾ ಪಟ್ಟಣದಲ್ಲಿ ಮಂಗನನ್ನು ಕೊಲ್ಲತಕ್ಕ ಉಪದ್ರವಿಯೆಂದು ಸಾರಬೇಕಾಯಿತು. ಆ ಮಾರ್ಗ ನಿಷ್ಪ್ರಯೋಜಕವೆಂದು ಇದರಿಂದ ಸಿದ್ಧವಾಗುವುದಿಲ್ಲ. ಆದರೆ ಅದೊಂದರಿಂದಲೇ ನಾಳೆ ಬಾಳೆಗೊನೆ ಉಳಿಯುವುದೆಂದು ಮಾತು ಕೊಡುವವರನ್ನು ನಂಬುವುದು ಬೇಡ. ತೀರ್ಥಹಳ್ಳಿಯ ಕಡೆಯ ಒಬ್ಬ ರೈತನು ಇವರೆಲ್ಲರಿಗಿಂತ ಚತುರ: ತನ್ನ ನಾಯಿಯ ಮೈಗೆ ಹುಲಿಯ ಪಟ್ಟೆಗಳನ್ನು ಬಳಿದು ತೋಟದಲ್ಲಿ ಬಿಟ್ಟನೆಂದು 2019ರಲ್ಲಿ ಪತ್ರಿಕೆಗಳೆಲ್ಲ ಬರೆದುವು. ಮಂಗಗಳು ಓಡಿದುವಂತೆ. ಎಷ್ಟು ದಿನ ಓಡಿದುವೋ ಆ ನಾಯಿಯೇ ಹೇಳಬೇಕು.

ಮಂಗವು ಊರಿಗೇಕೆ ಬಂದಿತೆಂಬ ಪ್ರಶ್ನೆಯನ್ನು ಮಾತ್ರ ಈ ಯೋಜನೆಗಳಲ್ಲಿ ಯಾವುದೂ ಕೇಳುವುದಿಲ್ಲ. ಹಿಂದೆ ಮಾರ್ಗದ ಇಕ್ಕೆಲಗಳಲ್ಲಿ ಸಾಲಾಗಿದ್ದ ಆಲ, ಅತ್ತಿ, ಗೋಣಿ, ಮಾವು, ನೇರಿಳೆಗಳು ರಸ್ತೆ ಅಗಲವಾದಂತೆಲ್ಲ ಉರುಳಿದುವು. ಮೈಸೂರಿನ ಪ್ರಾಣಿಶಾಸ್ತ್ರಜ್ಞ ಮೇವಾ ಸಿಂಗ್ ಮತ್ತು ಅವರ ಸಂಗಡಿಗರು ಮೈಸೂರಿನ ಸುತ್ತಣ ರಸ್ತೆಗಳಲ್ಲಿ 1989ರಿಂದ 20 ವರ್ಷಕಾಲ ಕೋಡಗಗಳನ್ನು ಎಣಿಸಿದಾಗ ಅವುಗಳ ಸಂಖ್ಯೆ ಅರ್ಧಕ್ಕಿಂತಲೂ ಕೆಳಗಿಳಿದಿದ್ದುದು ಕಂಡುಬಂದಿತು. ‘ಎಲ್ಲೆಲ್ಲಿ ನೋಡಿದರೂ ಮಂಗ’ ಎನ್ನುವವರಿಗೆ ಇದು ನಂಬಲಾರದ ಮಾತಾಗಿ ತೋರಬಹುದು. ಮಂಗ ಹೆಚ್ಚಿದುದರಿಂದಲೇ ಅದು ಎಲ್ಲೆಲ್ಲಿಯೂ ಕಾಣುವುದೆಂದು ಹೇಳಲಾಗದು. ಇರತಕ್ಕಲ್ಲಿ ಇರಲಾರದೆ ಇರಬಾರದಲ್ಲಿಗೆ ಬಂದುದರಿಂದಲೂ ಹಾಗೆ ಕಾಣಬಹುದು. ಮಲೆನಾಡಿನ ಗುಡ್ಡಗಳನ್ನು ನೋಡಿರಿ. 1980ರ ಹೊತ್ತಿಗೆ ಭದ್ರಾವತಿಯ ಕಾಗದದ ಕಾರ್ಖಾನೆಯ ನೆಡುತೋಪುಗಳಿಗಾಗಿ 40 ವರ್ಷದ ಗುತ್ತಿಗೆಯ ಮೇಲೆ ಬಿಟ್ಟುಕೊಟ್ಟ ಸಾವಿರಾರು ಎಕರೆಯಲ್ಲಿ ನಿಂತುದು ಅಕೇಶಿಯಾ ಮತ್ತು ನೀಲಗಿರಿ. ಆ ಕಾರ್ಖಾನೆ ತಾನೇ ಮುಚ್ಚಿಹೋಯಿತು, ಅಕೇಶಿಯಾ ಉಳಿದಿದೆ. ದೂರದಿಂದ ಅದು ಹಸಿರು. ಒಳಗೆ ಹೊಕ್ಕ ಮಂಗಕ್ಕೆ ಅದು ಉಗ್ರಾಣವಿಲ್ಲದ ಛತ್ರ. ತಿನ್ನಲು ಒಂದು ಹಣ್ಣಿಲ್ಲ.

ಓದಿದ ಮನೆಗಳವರಿಂದ ಆಗಬೇಕಾದ ಕೆಲಸ ಇಲ್ಲಿಯೇ ಇದೆ. ತಮ್ಮ ಮನೆಯ ಆಳು ಮಾರ್ಗಶಿರದಿಂದ ವೈಶಾಖದ ತನಕ ಬೆಟ್ಟಕ್ಕೆ ಸೊಪ್ಪಿಗೆ ಹೋಗುವಾಗ ಮೈತುಂಬ ಬಟ್ಟೆ ತೊಟ್ಟು, ಆರೋಗ್ಯ ಕೇಂದ್ರದಲ್ಲಿ ಕೊಡುವ ಉಣುಗಿನ ತೈಲವನ್ನು ಕೈಕಾಲಿಗೆ ಹಚ್ಚಿಕೊಂಡು ಹೋದನೇ ಎಂದು ಯಜಮಾನನು ಕೇಳಬೇಕು. ಮರಳಿ ಬಂದವನಿಗೆ ಮೀಯಲು ಬಿಸಿನೀರು ಕೊಡಬೇಕು. ಆ ಋತುವಿನಲ್ಲಿ ಅವನಿಗೆ ಜ್ವರ ಬಂದರೆ ‘ಎರಡು ದಿನ ಮಲಗಿದರೆ ಸರಿಹೋಗುವುದು’ ಎನ್ನದೆ ಕರೆದೊಯ್ದು ರಕ್ತಪರೀಕ್ಷೆ ಮಾಡಿಸಬೇಕು. ತೋಟದ ಬೇಲಿಯಂಚಿನಲ್ಲಿ ನಾಲ್ಕು ಅತ್ತಿಯ ಗಿಡವನ್ನೋ ನೇರಿಳೆಯನ್ನೋ ನೆಡುವ ಮನಸ್ಸಿದ್ದರೆ ನೆಡಲಿ. ಅದರಿಂದ ಇದೇ ವರ್ಷ ಫಲ ಬಾರದು, ಮೊಮ್ಮಕ್ಕಳ ಕಾಲಕ್ಕೆ ಬಂದೀತು.

ಪೇಟೆಯ ಆಡಳಿತದವರು ಹಿಡಿಸಿದ ಮಂಗಗಳ ಲೆಕ್ಕವನ್ನು ಪುಸ್ತಕದಲ್ಲಿ ಬರೆಯುವುದಾದರೆ, ಯಾವ ಬೀದಿಯಲ್ಲಿ ಎಷ್ಟು ಹಿಡಿಯಲಾಯಿತು, ಹಿಡಿದವರಿಗೆ ಎಷ್ಟು ಹಣ ಕೊಡಲಾಯಿತು ಎಂಬಿಷ್ಟರಲ್ಲಿಯೇ ಅದನ್ನು ಮುಗಿಸಕೂಡದು. ಅವುಗಳನ್ನು ಯಾವ ಊರಿನ ಎಲ್ಲೆಯಲ್ಲಿ ಬಿಡಲಾಯಿತೆಂಬುದಕ್ಕೆ ಒಂದು ಕಾಲಂ ಇರಲಿ. ಆ ಊರಿನ ಪಂಚಾಯತಿಯವರ ಒಪ್ಪಿಗೆಯ ರುಜುವಿಗೆ ಮತ್ತೊಂದು. ಅಂಥ ಪುಸ್ತಕವನ್ನು ಇಡಲು ಒಪ್ಪದ ಪೇಟೆಯು ಬೋನುಗಳನ್ನು ಹಿಂದಕ್ಕೆ ಕಳುಹಿಸಲಿ.